ಹೊಲವೆಲ್ಲ ಸೀತನಿ

ಅಪ್ಪ ಕೆಲಸದ ನಡುವೆ ಗುದ್ದಲಿ ಕೆಳಗಿಟ್ಟು ನಿಂತದ್ದನ್ನು ನಾನು ಒಂದೇ ಸಲ ನೋಡಿದ್ದು. ಎಂಬತ್ತರ ದಶಕದ ಶುರುವಿನ ಮಾತು. ಪುಣೆಯ ಬಿಬವೇವಾಡಿ ಆಗ ಅರ್ಧ ಹೊಲ, ಅರ್ಧ ಊರು. ಜ್ವರ ಬಂದರೂ, ಅವ್ವ ಬೈದರೂ ಬಿಡದ ಗುದ್ದಲಿಯನ್ನು ಅವನು ಅವತ್ತು ಬಿಟ್ಟದ್ದು ಯಾರದೋ ಹೊಲದ ಜೋಳದ ತೆನೆಗಾಗಿ.

ನಾವು ಕೃಷ್ಣೆಯ ದಂಡೆಯವರು. ಅಣೆಕಟ್ಟಿನ ಹಿನ್ನೀರು ನಮ್ಮ ಹೊಲ ನುಂಗಿದ ಮೇಲೆ ಅಪ್ಪ ಊರಿನ ಒಂದಷ್ಟು ಮಂದಿಯನ್ನು ಕಟ್ಟಿಕೊಂಡು ಪುಣೆಗೆ ಬಂದ. ಹೊಸ ಕಟ್ಟಡಗಳಿಗೆ ಪಾಯ ತೋಡುವುದು ನಮ್ಮವರ ಕೆಲಸ. ಅಪ್ಪ ಅವರಿಗೆ ಮುಕಾದಮ, ಅಂದರೆ ಗುತ್ತಿಗೆ ಹಿಡಿದ ಠೇಕೇದಾರನ ಬೈಗುಳವನ್ನು ಎಲ್ಲರಿಗಿಂತ ಮೊದಲು ತಿನ್ನುವವನು. ಆ ಮರ್ಯಾದೆಗೆ ಅವನಿಗೆ ಸಿಕ್ಕ ಹೆಚ್ಚಿನ ಸವಲತ್ತೆಂದರೆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಸೋರದ ಒಂದು ಶೆಡ್ಡು.

ಆ ಶೆಡ್ಡಿನ ಬೆನ್ನಿಗೇ ಒಂದು ಕಪ್ಪು ಮಣ್ಣಿನ ಹೊಲವಿತ್ತು, ಮೂಲೆಯಲ್ಲಿ ಬಾವಿ. ಹೊಲದವನು ಒಬ್ಬ ಮರಾಠಿ ಮುದುಕ. ತಲೆಯ ಮೇಲೆ ಮಾಸಿದ ಬಿಳಿ ಟೋಪಿ, ಕಾಲಲ್ಲಿ ಟೈರಿನ ಚಪ್ಪಲಿ. ನಾನು ಅವನನ್ನು ಮುನ್ಸಿಪಾಲ್ಟಿ ಶಾಲೆಯಲ್ಲಿ ಕಲಿತಂತೆ ಆಜೋಬಾ ಎನ್ನುತ್ತಿದ್ದೆ. ಅಪ್ಪ ಅವ್ವ ನಮ್ಮ ಕಡೆಯ ಹಾಗೆ ಮುತ್ಯಾ ಎನ್ನುತ್ತಿದ್ದರು. ಎರಡೂ ಅಜ್ಜನೇ, ಎರಡಕ್ಕೂ ಅವನು ಓಗೊಡುತ್ತಿದ್ದ. ಬಾವಿಯ ನೀರು ಸೇದಿಕೊಳ್ಳಲು ನಮ್ಮ ಹೆಂಗಸರನ್ನು ಬಿಟ್ಟವನು ಆ ಇಡೀ ಬಡಾವಣೆಯಲ್ಲಿ ಅವನೊಬ್ಬನೇ. ನಮ್ಮ ಶೆಡ್ಡುಗಳಲ್ಲಿ ಮರಾಠಿ ಸರಿಯಾಗಿ ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಅವನ ಮಾತು ನಮ್ಮವರಿಗೆ, ನಮ್ಮವರ ಮಾತು ಅವನಿಗೆ ಮುಟ್ಟಿಸುವುದು ನನ್ನ ಕೆಲಸವಾಯಿತು. ಹತ್ತು ಹನ್ನೊಂದರ ಹುಡುಗಿಗೆ ಅದಕ್ಕಿಂತ ದೊಡ್ಡ ಪದವಿ ಬೇಕೆ? ನಾನು ಕುಣಿಯುತ್ತಿದ್ದೆ.

ಆ ಹೊಲ ಆಗಲೇ ಮಾರಿಹೋಗಿತ್ತು. ಬೇಸಿಗೆಯಲ್ಲೇ ಕಾಗದವಾಗಿ, ಕೊಂಡವರು ನಾಲ್ಕು ಮೂಲೆಗೆ ಬಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಮಾರಿಸಿದವನು ಮುತ್ಯಾನ ಮಗ. ಅವನನ್ನು ಬಹಳ ವರ್ಷ ಮನಸ್ಸಿನಲ್ಲೇ ಬೈದಿದ್ದೇನೆ. ಈಗ ಬೈಯುವುದಿಲ್ಲ, ಅವನೂ ಏನು ಮಾಡಿಯಾನು? ಅಕ್ಕಪಕ್ಕದವರೆಲ್ಲ ಆಗಲೇ ಮಾರಿ ಕೈತೊಳೆದುಕೊಂಡಿದ್ದರು. ಕಾಲುವೆಯ ನೀರು ಹರಿದು ಬರುತ್ತಿದ್ದ ಜಾಗದಲ್ಲಿ ಒಬ್ಬರ ಕಂಪೌಂಡು ಎದ್ದಿತ್ತು. ಎತ್ತು ಹೋಗುವ ದಾರಿಯಲ್ಲಿ ಇನ್ನೊಬ್ಬರ ಕಿರಾಣಿ ಅಂಗಡಿ. ಹೊಸ ಮನೆಗಳ ಬಚ್ಚಲ ನೀರೆಲ್ಲ ಬದುವಿನ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಹೊಲ ಉಳಿಸಿಕೊಳ್ಳುತ್ತೇನೆ ಎಂದು ಒಬ್ಬನೇ ಹಟ ಹಿಡಿದರೆ ಸಾಲದು, ಹೊಲಕ್ಕೆ ನೆರೆಹೊರೆಯ ಹೊಲಗಳು ಬೇಕು. ಈ ಮಾತನ್ನು ಆಮೇಲೆ ಯಾವ ಶಾಲೆಯಲ್ಲೂ ನನಗೆ ಯಾರೂ ಹೇಳಲಿಲ್ಲ.

ಕಲ್ಲು ನೆಟ್ಟವರು ಮಳೆಗಾಲ ಕಳೆದರೂ ತಿರುಗಿ ಬರಲಿಲ್ಲ. ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ, ಅದು ಸಿಕ್ಕಿರಲಿಲ್ಲವಂತೆ. ಗಣಪತಿಯನ್ನು ಕಳಿಸಿದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇವೆ, ಮುತ್ಯಾ ಎತ್ತು ಕಟ್ಟಿ ಹಿಂಗಾರಿ ಜೋಳ ಬಿತ್ತುತ್ತಿದ್ದಾನೆ. ಮಾರಿದ ಹೊಲದಲ್ಲಿ!

ಅವ್ವ ಕೊಡ ಕೆಳಗಿಟ್ಟು, "ಕೇಳಲೇ, ಹೊಲ ಮಾರ್ಯಾನಲ್ಲ, ಮತ್ತ ಯಾಕ ಬಿತ್ತಾಕತ್ತಾನ?" ಅಂದಳು.

ಕೇಳಿದೆ. ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿ, ಮಣ್ಣು ಹದಕ್ಕೆ ಬಂದಿದೆ, ಖಾಲಿ ಹೇಗೆ ಬಿಡುವುದು ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವ ಕೊಡ ಎತ್ತಿಕೊಂಡಳು. ಅಪ್ಪ ಮಾತ್ರ ಆ ಸಂಜೆ ಬದುವಿನ ಮೇಲೆ ಹೋಗಿ ಕೂತ. ಅಂದಿನಿಂದ ಕೆಲಸ ಬಿಟ್ಟ ಮೇಲೆ ಅಲ್ಲಿ ಕೂರುವುದು ಅವನಿಗೆ ರೂಢಿಯಾಯಿತು. ಬೀಡಿ ಸೇದುವುದು, ಪೈರು ನೋಡುವುದು. ಹೊಲದೊಳಗೆ ಕಾಲಿಡುತ್ತಿರಲಿಲ್ಲ. ಮುತ್ಯಾ ಕೈಬೀಸಿ ಕರೆದರೂ ಇಲ್ಲ. ಯಾಕೆಂದು ಕೇಳಿದ್ದಕ್ಕೆ ಅವ್ವ ಒಮ್ಮೆ ಹೇಳಿದಳು: "ನಮ್ಮ ಹೊಲಕ್ಕ ನೀರ್ ಬಂದಾಗ ಜ್ವಾಳ ಹಾಲ್ಗಾಳ ಇತ್ತವ್ವ. ತೆನಿ ಅಷ್ಟ ಮ್ಯಾಲ ಕಾಣಕತ್ತಿದ್ವು. ನಿಮ್ಮಪ್ಪ ಕುತ್ಗಿ ಮಟ ನೀರಾಗ ನಿಂತ ನೋಡಿದ. ಅವತ್ತಿಂದ ಹೊಲ್ದಾಗ ಇಳದಿಲ್ಲ."

ಜೋಳ ಎದೆಯೆತ್ತರ ಬೆಳೆದು ತೆನೆ ಹಾಯ್ದಾಗ ಹಕ್ಕಿಗಳು ಬಂದವು. ಬಂದವು ಎಂದರೆ ಸುಮ್ಮನೆ ಬಂದದ್ದಲ್ಲ. ಹಿಂದೆ ಈ ಕಡೆಯೆಲ್ಲ ಜೋಳವಿದ್ದಾಗ ಹಕ್ಕಿಗಳು ಎಲ್ಲರ ಹೊಲದಲ್ಲೂ ಒಂದಿಷ್ಟು ತಿಂದು ಹೋಗುತ್ತಿದ್ದವಂತೆ, ಯಾರಿಗೂ ಭಾರವಾಗುತ್ತಿರಲಿಲ್ಲ. ಈಗ ಇಡೀ ಬಿಬವೇವಾಡಿಯ ಗುಬ್ಬಿ, ಗಿಳಿ, ಸಾರಿಕೆ ಎಲ್ಲಕ್ಕೂ ಉಳಿದದ್ದು ಈ ಒಂದೇ ಹೊಲ. ಒಂಟಿ ಮನೆಗೆ ಊರಿನ ನೆಂಟರೆಲ್ಲ ನುಗ್ಗಿದ ಹಾಗೆ. ಮುತ್ಯಾ ಒಬ್ಬನೇ ಹೊಲದ ನಡುವಿನ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಬೀಸಿ ತೋಳು ಸೋತು ಕೂರುತ್ತಿದ್ದ. ಮಗ ಸ್ಕೂಟರಿನಲ್ಲಿ ಬಂದು, ಜನ ನಗುತ್ತಾರೆ, ಇಳಿದು ಮನೆಗೆ ನಡಿ ಎಂದು ರೇಗಿ ಹೋಗುತ್ತಿದ್ದ.

ಹಾಗಾಗಿ ಕವಣೆ ನನ್ನ ಕೈಗೆ ಬಂತು. ಶಾಲೆ ಬಿಟ್ಟವಳೇ ಅಟ್ಟಣಿಗೆ ಹತ್ತುತ್ತಿದ್ದೆ. ಹಕ್ಕಿಗೆ ಕಲ್ಲು ತಾಗಬಾರದು, ತಲೆಯ ಮೇಲೆ ಹಾದುಹೋಗಬೇಕು ಎಂದು ಮುತ್ಯಾ ಹೇಳಿಕೊಟ್ಟ. ಗಂಟಲು ಹರಿಯುವಂತೆ ಕನ್ನಡದಲ್ಲೂ ಮರಾಠಿಯಲ್ಲೂ ಕೂಗಿದೆ. ಮೇಕೆಗಳನ್ನು ಅಟ್ಟಿದೆ. ಚೆಂಡು ಹುಡುಕುವ ನೆಪದಲ್ಲಿ ಪೈರು ತುಳಿಯುವ ಹುಡುಗರಿಗೆ ಮಾತ್ರ ಕಲ್ಲು ತಾಗುವಂತೆಯೇ ಬೀಸಿದೆ. ತೆನೆ ತುಂಬುತ್ತ ಬಂದಂತೆ ಆ ಹೊಲ ನನ್ನದೇ ಎನ್ನಿಸಿಬಿಟ್ಟಿತು. ಅದು ಮಾರಿಹೋಗಿದೆ ಎನ್ನುವುದು ನಮಗೆಲ್ಲ ಗೊತ್ತಿತ್ತು, ಆದರೂ ಯಾರೂ ಅದನ್ನು ಬಾಯಿಗೆ ತರುತ್ತಿರಲಿಲ್ಲ. ಕಾಳು ಗಟ್ಟಿಯಾಗುವ ತನಕ ಆ ಕಲ್ಲು ನೆಟ್ಟವರು ಬಾರದಿರಲಿ ಎನ್ನುವುದೊಂದೇ ಆಸೆ.

ಬಂದರು. ಡಿಸೆಂಬರಿನ ಚಳಿಯಲ್ಲಿ, ತೆನೆ ಇನ್ನೂ ಹಾಲುಗಾಳಿದ್ದಾಗ, ಪರ್ಮಿಟ್ಟು ಸಿಕ್ಕಿತು. ಅವರ ಕೆಲಸವನ್ನೂ ಹಿಡಿದಿದ್ದ ನಮ್ಮ ಠೇಕೇದಾರ ಜೀಪಿನಲ್ಲಿ ಬಂದು, ಪಕ್ಕದ ಕಟ್ಟಡದ ಗುಂಡಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮವರನ್ನು ಮೇಲೆ ಕರೆದು, ನಾಳೆಯಿಂದ ಆ ಹೊಲ ಅಗೆಯಬೇಕು, ಮೊದಲು ಆ ಹುಲ್ಲು ಕೊಚ್ಚಿ ಹಾಕಿ ಎಂದ. ಹುಲ್ಲು ಎಂದೇ ಅಂದ. ಅಪ್ಪ ಗುದ್ದಲಿ ಕೆಳಗಿಟ್ಟದ್ದು ಆಗ.

ತನ್ನ ಹರಕು ಹಿಂದಿಯಲ್ಲಿ ಅಪ್ಪ ಒಂದು ತಿಂಗಳು ಕೇಳಿದ. ಅಷ್ಟರಲ್ಲಿ ಈ ಕಡೆಯ ಗುಂಡಿ ಮುಗಿಸಿಕೊಡುತ್ತೇವೆ, ಬಾವಿ ಮುಚ್ಚಿಕೊಡುತ್ತೇವೆ, ಏನು ಬೇಕಾದರೂ ಮಾಡುತ್ತೇವೆ. ಠೇಕೇದಾರ ಕಿರುಚಾಡಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಸೋಮವಾರ ನೀವು ಅಗೆಯದಿದ್ದರೆ ಬೇರೆ ಗ್ಯಾಂಗು ಅಗೆಯುತ್ತದೆ, ಶೆಡ್ಡುಗಳೂ ಅವರಿಗೇ ಎಂದು ಹೇಳಿ ಜೀಪು ಹತ್ತಿದ. ನಮ್ಮವರು ಅಪ್ಪನ ಸುತ್ತ ನಿಂತರು. ಒಬ್ಬಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಒಲಿ ಉರೀಬೇಕಲ್ಲೋ ಅಣ್ಣಾ," ಎಂದಳು. ಅವಳನ್ನು ಬೈಯಲು ಯಾರಿಗೆ ಬಾಯಿತ್ತು?

ಅಪ್ಪ ನನ್ನ ಕಡೆ ತಿರುಗಿದ. "ಹೋಗಿ ಮುತ್ಯಾಗ ಹೇಳವ್ವ. ಸೋಮವಾರ ಅಂತ ಹೇಳು. ಮತ್ತ... ನಾವ ಅಗೀತೀವಿ, ಬ್ಯಾರೇದವರಲ್ಲ ಅಂತ ಹೇಳು."

ಅಟ್ಟಣಿಗೆ ಹತ್ತಿ ಹೇಳಿದೆ. ಎರಡು ಭಾಷೆ ಬರುತ್ತದೆಂಬ ನನ್ನ ಜಂಬವೆಲ್ಲ ಅಲ್ಲಿಗೆ ಇಳಿಯಿತು. ಮುತ್ಯಾ ಅಳಲಿಲ್ಲ, ಬೈಯಲಿಲ್ಲ. ಯಾವ ಕಡೆಯಿಂದ ಅಗೆಯುತ್ತಾರೆ, ಬಾವಿ ಕಡೆಯಿಂದಲೋ ರಸ್ತೆ ಕಡೆಯಿಂದಲೋ ಎಂದಷ್ಟೇ ಕೇಳಿದ. ನನಗೆ ಗೊತ್ತಿರಲಿಲ್ಲ. ಆಮೇಲೆ, ನಿಮ್ಮವರಿಗೆಲ್ಲ ಹೇಳು, ಭಾನುವಾರ ಹುರ್ಡಾ ತಿನ್ನಲು ಬರಬೇಕು, ಒಬ್ಬರೂ ತಪ್ಪಿಸಬಾರದು ಎಂದ.

ಅವರ ಹುರ್ಡಾ ಅಂದರೆ ನಮ್ಮ ಸೀತನಿ. ಹಾಲುಗಾಳಿನ ಎಳೆ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನುವುದು. ಎರಡೂ ಸೀಮೆಯಲ್ಲಿ ಅದು ಚಳಿಗಾಲದ ಖುಷಿ. ಆದರೆ ಸೀತನಿಗೆ ಯಾರೂ ಹೊಲವನ್ನೇ ಮುರಿಯುವುದಿಲ್ಲ. ಬದುವಿನ ಪಕ್ಕದ ನಾಲ್ಕು ತೆನೆ ಮುರಿದು ತಿಂದು, ಉಳಿದದ್ದನ್ನು ಕಾಳಿಗೆ ಬಿಡುತ್ತಾರೆ. ಹೊಲ ನಿಂತಿದೆ ಎನ್ನುವ ಧೈರ್ಯದ ಮೇಲೆ ತಿನ್ನುವ ತಿಂಡಿ ಅದು.

ಭಾನುವಾರ ಇಡೀ ಹೊಲವನ್ನು ತಿಂದೆವು. ಮುತ್ಯಾ ಕುಳಿ ತೋಡಿ ಕುಳ್ಳು ಹೊತ್ತಿಸಿದ್ದ. ಅವ್ವ ಶೇಂಗಾ ಚಟ್ನಿ ಕುಟ್ಟಿ ತಂದಳು. ನಮ್ಮ ಶೆಡ್ಡಿನವರು, ಬಾವಿಗೆ ಬರುವವರು, ಬಚ್ಚಲ ನೀರು ಬಿಡುತ್ತಿದ್ದ ಹೊಸ ಮನೆಗಳವರು, ನನ್ನಿಂದ ಕಲ್ಲೇಟು ತಿಂದ ಹುಡುಗರು, ಎಲ್ಲರನ್ನೂ ಮುತ್ಯಾ ಕರೆದು ಕೂರಿಸಿದ. ಹಸಿರು ಕಾಳು ಬಾಯಿಗೆ ಹಾಕಿಕೊಂಡರೆ ಹಾಲು, ಹೊಗೆ, ಸಿಹಿ. ಅಷ್ಟು ರುಚಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ, ಅವತ್ತೂ ಅದು ಹಾಗೆ ರುಚಿಸಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನಕ್ಕವರೂ ಇದ್ದರು. ಗೊತ್ತಿಲ್ಲದವರಿಗೆ ಅದು ಹಬ್ಬ. ಮಗನೂ ಬಂದ. ಸ್ಕೂಟರು ನಿಲ್ಲಿಸಿ, ಕೊಟ್ಟ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತಿನ್ನದೆ ಹಾಗೇ ಹಿಂತಿರುಗಿ ಹೋದ.

ಮಧ್ಯಾಹ್ನ ಹಕ್ಕಿಗಳು ಇಳಿದಾಗ ನಾನು ರೂಢಿಯಂತೆ ಕವಣೆ ಹಿಡಿದು ಓಡಿದೆ. ಮುತ್ಯಾ ಕೆಳಗಿನಿಂದಲೇ, "ಪೋರಿ, ಆಜ್ ನಕೋ. ಖಾವೂ ದೇ," ಎಂದು ಕೂಗಿದ. ಇವತ್ತು ಬೇಡ, ತಿನ್ನಲಿ ಬಿಡು. ತಿಂಗಳಿಡೀ ನಾನು ಅವುಗಳ ವೈರಿಯಾಗಿದ್ದೆ. ಅಟ್ಟಣಿಗೆಯ ಕೆಳಗೆ ಕವಣೆಯ ಹಗ್ಗ ಸುತ್ತಿಕೊಂಡು ಕೂತು ಅತ್ತುಬಿಟ್ಟೆ. ಹಕ್ಕಿಗಳು ತಲೆಯ ಮೇಲೇ ಕೂತು ತಿನ್ನುತ್ತಿದ್ದವು.

ಆಗ ಅಪ್ಪ ಹೊಲಕ್ಕಿಳಿದದ್ದನ್ನು ಕಂಡೆ. ಚಪ್ಪಲಿ ಬದುವಿನ ಮೇಲೆ ಬಿಟ್ಟಿದ್ದ. ಸೀತನಿಯ ಕಡೆ ತಿರುಗಿಯೂ ನೋಡದೆ ಸಾಲಿನಿಂದ ಸಾಲಿಗೆ ನಡೆಯುತ್ತ, ಒಂದೊಂದು ತೆನೆ ಬಗ್ಗಿಸಿ, ಒಂದು ಕಾಳು ಕಿತ್ತು ಉಗುರಿನಿಂದ ಒತ್ತಿ ನೋಡುತ್ತಿದ್ದ. ಬೀಜಕ್ಕಾಗುವ ಒಂದು ಗಟ್ಟಿ ತೆನೆ ಸಿಕ್ಕೀತೇ ಎಂದು. ಒತ್ತಿದ ಕಾಳಿನಿಂದೆಲ್ಲ ಹಾಲೇ ಬಂತು. ಹೊತ್ತು ಇಳಿಯುವ ತನಕ ಹುಡುಕಿದ. ಅವನ ಬೆರಳುಗಳೆಲ್ಲ ಬೆಳ್ಳಗೆ ಅಂಟಂಟಾಗಿದ್ದವು. ಕೊನೆಗೆ ಇದ್ದುದರಲ್ಲೇ ದಪ್ಪಗಿದ್ದ ಕೆಲವು ತೆನೆ ಮುರಿದು ತಂದು ನಮ್ಮ ಶೆಡ್ಡಿನ ಸೂರಿನ ಬಿದಿರ ಗಳುವಿಗೆ ಕಟ್ಟಿದ.

ಸೋಮವಾರ ಮೊದಲ ಗುದ್ದಲಿ ಹಾಕಿದವನು ಅಪ್ಪನೇ. ದಂಟು ಕಡಿದು ಮುತ್ಯಾನ ಎತ್ತುಗಳಿಗೆ ಒಟ್ಟಿ, ಆಮೇಲೆ ಅಗೆದರು. ಕಪ್ಪು ಮಣ್ಣಿನ ಮೇಲೆ ಕಟ್ಟಡ ನಿಲ್ಲುವುದಿಲ್ಲವಂತೆ. ಅದನ್ನೆಲ್ಲ ತೆಗೆದು ಕೆಳಗಿನ ಗಟ್ಟಿ ಗರಸು ನೆಲ ಮುಟ್ಟಬೇಕು. ಹೊಲವನ್ನು ಹೊಲ ಮಾಡಿದ್ದ ಅಷ್ಟೂ ಮಣ್ಣು ಕೆಲಸಕ್ಕೆ ಬಾರದ ಮಣ್ಣೆಂದು ಲಾರಿ ಲಾರಿಯಾಗಿ ಹೋಗಿ ಹಳ್ಳಕ್ಕೆ ಬಿತ್ತು. ಅವ್ವ ಬುಟ್ಟಿ ಹೊರುತ್ತ, "ಎಂಥಾ ಮಣ್ಣ, ಎಂಥಾ ಮಣ್ಣವ್ವ," ಎನ್ನುತ್ತಲೇ ಇದ್ದಳು. ಮುತ್ಯಾ ಬಂದು ನೋಡಲಿಲ್ಲ. ಮಗನ ಮನೆ ಸೇರಿದ್ದಾನೆ, ಹೊರಗೆ ಬರುವುದಿಲ್ಲ ಎಂದು ಕೇಳಿದೆವು.

ಗೋಡೆಗಳು ಮೇಲೆದ್ದವು, ಮತ್ತೆ ಮಳೆಗಾಲ ಕಳೆಯಿತು, ಗಣಪತಿ ಹೋದ. ಒಂದು ಸಂಜೆ ಅಪ್ಪ ಗಳುವಿನಿಂದ ತೆನೆ ಬಿಚ್ಚಿದ. ಕಾಳು ಒಣಗಿ ಸುಕ್ಕಾಗಿ ಹೊಟ್ಟಿನಷ್ಟೇ ಉಳಿದಿತ್ತು. ಶೆಡ್ಡಿನ ಮಗ್ಗುಲಲ್ಲಿ, ಲಾರಿಗೆ ತಪ್ಪಿಸಿ ಉಳಿಸಿಕೊಂಡಿದ್ದ ನಾಲ್ಕು ಬುಟ್ಟಿ ಕಪ್ಪು ಮಣ್ಣಿತ್ತು. ಅದರಲ್ಲಿ ಬೆರಳಿನಿಂದ ಗೆರೆ ಎಳೆದು ಬಿತ್ತಿದ. ಹಾಲುಗಾಳಿನಲ್ಲಿ ಮುರಿದದ್ದು ಮೊಳೆಯುವುದಿಲ್ಲವೆಂದು ಹೊಲ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಅವ್ವನಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ದಿನಾ ಕೆಲಸದಿಂದ ಬಂದು ಕೈಕಾಲು ತೊಳೆಯುವ ಮುಂಚೆ ಅದಕ್ಕೆ ನೀರು ಹಾಕುತ್ತಿದ್ದ. ಅವ್ವ ನಗಲಿಲ್ಲ.

ಹಾಗೆ ನೀರು ಹಾಕುತ್ತಿದ್ದಾಗ ಒಂದು ದಿನ ಮುತ್ಯಾ ಬಂದ. ಕೋಲೂರಿಕೊಂಡು, ಬಹಳ ಇಳಿದುಹೋಗಿದ್ದ. ಎದ್ದಿದ್ದ ಕಟ್ಟಡದ ಕಡೆ ನೋಡಲೇ ಇಲ್ಲ. ನೇರ ಬಂದು ಆ ಅಂಗೈಯಗಲದ ಮಣ್ಣಿನ ಮುಂದೆ ಅಪ್ಪನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಯಾವ ತೆನೆಯ ಬೀಜವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಬ್ಬರೂ ಮಣ್ಣು ನೋಡಿದರು. ಆಮೇಲೆ ಅವನು, ಆಯುಷ್ಯವೆಲ್ಲ ಜೋಳ ಬೆಳೆದವನು, ನನ್ನ ಕಡೆ ತಿರುಗಿ ಮೊಳಕೆ ಬಂತೇ ಎಂದು ಮರಾಠಿಯಲ್ಲಿ ಕೇಳಿದ.

ಅಪ್ಪ ನನ್ನ ಮುಖ ನೋಡಿದ.

"ಇನ್ನೂ ಇಲ್ಲ, ಆಜೋಬಾ," ಎಂದೆ.