ಬಿಟ್ಟು ಓದಿದ ಪ್ಯಾರಾ

ಕಾಜಾ ಅಕ್ಕನಿಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಭಾನುವಾರ, ಸಂಜೆ ನಾಲ್ಕು ಗಂಟೆಗೆ. ಇಷ್ಟು ಕರಾರುವಾಕ್ಕಾಗಿ ಹೇಳಬಹುದು, ಯಾಕೆಂದರೆ ಔಷಧಿ ಅಂಗಡಿಯ ಹುಡುಗಿ ಮೇಡಂ ಮನೆಯ ಮೆಟ್ಟಿಲು ಮೊದಲ ಸಲ ಹತ್ತಿದ್ದು ಆಗಲೇ.

ಅದಕ್ಕೂ ಮುಂಚೆ ಆರು ವರ್ಷ ಮೇಡಂ ಅಕ್ಕನೊಬ್ಬಳ ಸ್ವಂತ ಆಸ್ತಿಯಾಗಿದ್ದರು. ಅಕ್ಕ ದರ್ಜಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾಜಾ ಹಾಕುವವಳು. ಅಂಗಿಗೆ ಗುಂಡಿ ತೂರಿಸುವ ಕಿಂಡಿ ಕತ್ತರಿಸಿ, ಅದರ ಅಂಚನ್ನು ದಾರದಿಂದ ಹೊಲಿಯುವ ಕೆಲಸ. ಊಟದ ಬಿಡುವಿನಲ್ಲಿ ಹಳೆಯ ಅಳತೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಕಥೆ ಬರೆಯುತ್ತಿದ್ದಳು. ಗಂಡ "ಅದೇನ್ ಗೀಚ್ತೀಯೋ ದೇವರಿಗೇ ಗೊತ್ತು" ಎನ್ನುತ್ತಿದ್ದ, ಓದುವ ಗೋಜಿಗೆ ಮಾತ್ರ ಹೋದವನಲ್ಲ. ಅವಳ ಕಥೆಗಳಿಗೆ ಕಿವಿಗೊಟ್ಟ ಜೀವವೆಂದರೆ ಮೇಡಂ ಒಬ್ಬರೇ.

ಮೇಡಂ ಮೂವತ್ತು ವರ್ಷ ರೇಡಿಯೊದಲ್ಲಿ ಬೇರೆಯವರ ಕಥೆಗಳನ್ನು ಓದಿ ನಿವೃತ್ತರಾದವರು. ಈಗ ಕಣ್ಣು ಪೂರ್ತಿ ಹೋಗಿತ್ತು, ಕೇಳಿಯೇ ತಿದ್ದುತ್ತಿದ್ದರು. ಕೇಳುವಾಗ ಅವರ ಬೆರಳುಗಳು ಕುರ್ಚಿಯ ಕೈ ಮೇಲೆ ಟಕಟಕ ಬಡಿಯುತ್ತಿದ್ದವು. ಕಥೆ ಹಿಡಿಸಿದರೆ ಬೆರಳು ನಿಲ್ಲುತ್ತಿತ್ತು. ಅಕ್ಕನ ಆರು ವರ್ಷದ ಕಥೆಗಳಲ್ಲಿ ಅದು ನಿಂತದ್ದು ಒಂದೇ ಸಲ, ಅದೂ ಫೋನು ಬಂತೆಂದು. ತಾನು ಬರೆದ ಕಥೆ ಹಿಡಿದು ಆ ಹುಡುಗಿ ಬಂದ ಎರಡನೇ ವಾರಕ್ಕೇ ನಿಂತಿತು. ಅಕ್ಕನ ಮೈಯೆಲ್ಲ ಉರಿದುಹೋಯಿತು.

ಅದು ಸಾಲದೆಂಬಂತೆ ಮೇಡಂ ಹೊಸದೊಂದು ಕಟ್ಟಳೆ ತಂದರು. "ಬರೆದೋರೇ ಓದಿದ್ರೆ ತೂತನ್ನೆಲ್ಲ ದನಿಯಲ್ಲೇ ಮುಚ್ಚಿಬಿಡ್ತಾರೆ. ಇನ್ಮೇಲೆ ಅವಳ ಕಥೆ ನೀನೋದು, ನಿನ್ನ ಕಥೆ ಅವಳು ಓದ್ಲಿ." ಹೀಗೆ ವಾರ ವಾರವೂ ಅಕ್ಕ ತನ್ನ ಬಾಯಿಂದಲೇ ಆ ಹುಡುಗಿಯನ್ನು ಗೆಲ್ಲಿಸಬೇಕಾಯಿತು. ಹುಡುಗಿಯೋ, "ಅಕ್ಕಾ, ನೀವು ಓದಿದ್ರೆ ನನ್ನ ಕಥೇನೂ ಚೆನ್ನಾಗಿ ಕೇಳ್ಸುತ್ತೆ" ಎಂದು ನಗುತ್ತಿದ್ದಳು. ಬೈಯುವುದಕ್ಕೂ ಒಂದು ನೆಪ ಕೊಡದ ಹುಡುಗಿ!

ಎಂಟು ತಿಂಗಳು ಹೀಗೆ ಕಳೆಯಿತು. ಆಮೇಲೊಂದು ದಿನ ಮೇಡಂ ಹೇಳಿದರು, "ವಾರಪತ್ರಿಕೆ ಸಂಪಾದಕರು ವಾರ್ಷಿಕ ಸಂಚಿಕೆಗೆ ಹೊಸಬರ ಕಥೆ ಕೇಳಿದ್ದಾರೆ. ಕಳಿಸೋದು ಒಂದೇ. ಮುಂದಿನ ವಾರ ಇಬ್ಬರೂ ತನ್ನಿ."

ಅಕ್ಕ ಆ ವಾರವೆಲ್ಲ ನಿದ್ದೆಗೆಟ್ಟಳು. ಅಚ್ಚಾದ ಪುಟವನ್ನು ಗಂಡನ ತಟ್ಟೆಯ ಪಕ್ಕದಲ್ಲಿ ಇಟ್ಟು, ತುಟಿ ಪಿಟಕ್ಕೆನ್ನದೆ ಬಡಿಸಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಭಾನುವಾರ ಹಾಳೆಗಳು ಕೈ ಬದಲಾದವು. ಹುಡುಗಿ ಒಳಗೆ ಚಹಾ ಕಾಯಿಸುತ್ತಿದ್ದಾಗ ಅಕ್ಕ ಅವಳ ಕಥೆಯ ಮೇಲೆ ಸರಸರನೆ ಕಣ್ಣಾಡಿಸಿದಳು. ಹೆಂಡತಿಗೆಂದು ದಿನಾ ಮಾತ್ರೆ ಕೊಳ್ಳಲು ಬರುವ ಮುದುಕನೊಬ್ಬನ ಕಥೆ. ಒಂದು ದಿನ ಅವನು ಉಳಿದ ನಾಲ್ಕು ಮಾತ್ರೆಗಳನ್ನು ಅಂಗಡಿಯ ಮೇಜಿನ ಮೇಲಿಟ್ಟು, "ಬೇಕಾದೋರಿಗೆ ಕೊಡಮ್ಮ" ಎಂದು ಹೊರಟುಹೋಗುತ್ತಾನೆ. ಅದಾದ ಮೇಲೆ ಒಂದು ಪ್ಯಾರಾ ಇತ್ತು, ಸಾವು, ಒಂಟಿತನ, ಕಣ್ಣೀರು ಎಲ್ಲವೂ ಇದ್ದ ಪ್ಯಾರಾ. ಅಕ್ಕ ಅದನ್ನು ಎರಡು ಸಲ ಓದಿದಳು. ಇದು ಮೇಡಂ ಕಿವಿಗೆ ಬಿದ್ದರೆ ತನ್ನ ಕಥೆ ಮುಗಿಯಿತು ಎನ್ನಿಸಿತು. ಬಿಟ್ಟು ಓದಿಬಿಡೋಣ, ಕೇಳಿದರೆ ಕಣ್ತಪ್ಪಿತು ಎಂದರಾಯಿತು.

ಹಾಗೆಯೇ ಮಾಡಿದಳು. "ಹೊರಟುಹೋದ" ಎಂದು ಓದಿ ಹಾಳೆ ಮಡಚಿಬಿಟ್ಟಳು.

ಮೇಡಂ ಬೆರಳು ನಿಂತಿತ್ತು. ಅವರು, "ಅಲ್ಲಿಗೇ ನಿಲ್ಲಿಸಿದ್ಯಲ್ಲ ಹುಡುಗಿ, ಭೇಷ್! ಇನ್ನೊಂದು ಮಾತು ಆಡಿದ್ರೂ ಕೆಟ್ಟುಹೋಗ್ತಿತ್ತು" ಎಂದರು.

ಚಹಾ ತಂದಿಟ್ಟು ಕೂತಿದ್ದ ಹುಡುಗಿ ಕಣ್ಣರಳಿಸಿ ಅಕ್ಕನನ್ನೇ ನೋಡಿದಳು.

"ಮೇಡಂ, ಅದು ನಾನಲ್ಲ. ಇನ್ನೊಂದು ಪ್ಯಾರಾ ಇತ್ತು. ಅಕ್ಕ ಬಿಟ್ಟು ಓದಿದ್ರು, ನನಗೆ ಒಳ್ಳೇದಾಗ್ಲಿ ಅಂತ."

"ಓಹೋ" ಎಂದರು ಮೇಡಂ. ಮೂವತ್ತು ವರ್ಷ ದನಿಗಳ ನಡುವೆ ಬದುಕಿದವರಿಗೆ ಅಕ್ಕನ ಉಸಿರು ಏನು ಹೇಳಿತೋ ಏನೋ. "ಸರಿ, ಈಗ ಅವಳದ್ದು ಓದು."

ಅಕ್ಕನ ಕಥೆಯಲ್ಲಿ, ಬಿಟ್ಟುಹೋದ ಗಂಡನ ಅಂಗಿಗೆ ಹೆಂಡತಿ ಹೊಸ ಗುಂಡಿ ಹೊಲಿದು, ಮತ್ತೆ ಗೂಟಕ್ಕೆ ನೇತುಹಾಕುತ್ತಾಳೆ. ಹುಡುಗಿ ಅಲ್ಲಿಯವರೆಗೆ ಓದುವಷ್ಟರಲ್ಲಿ ಮೇಡಂ ಬೆರಳು ನಿಂತೇಬಿಟ್ಟಿತು. ಸಾಕು, ನಿಲ್ಲಿಸೇ, ಎಂದು ಅಕ್ಕ ಒಳಗೊಳಗೇ ಕೂಗಿಕೊಂಡಳು. ಮುಂದಿನ ಎರಡು ಪುಟ ಹೆಣ್ಣಿನ ಬಾಳಿನ ಮೇಲೆ ಬರೀ ಉಪದೇಶ ಎಂದು ಅವಳಿಗೆ ಹೊಳೆದದ್ದೇ ಆ ಕ್ಷಣದಲ್ಲಿ. ಆದರೆ ಹುಡುಗಿ ಓದಿದಳು. ಸ್ಪಷ್ಟವಾಗಿ, ಭಕ್ತಿಯಿಂದ, ಕೊನೆಯ ಸಾಲಿನವರೆಗೂ ಓದಿದಳು. ಎರಡನೇ ಪುಟಕ್ಕೆ ಬರುವಾಗ ಬೆರಳುಗಳು ಮತ್ತೆ ಟಕಟಕ ಬಡಿಯತೊಡಗಿದ್ದವು.

ಹುಡುಗಿಯ ಕಥೆಯೇ ಹೋಗುವುದೆಂದಾಯಿತು. ಅಕ್ಕ ಹೊರಡುವಾಗ ಮೇಡಂ, "ಇಷ್ಟು ದಿನ ಇನ್ನೊಬ್ಬರ ಬಟ್ಟೆ ಮೇಲೆ ಆಡಿಸಿದ ಕತ್ತರೀನ ಇನ್ನಾದ್ರೂ ನಿನ್ನದರ ಮೇಲೆ ಆಡಿಸು" ಎಂದರು.

ಮೆಟ್ಟಿಲಲ್ಲಿ ಹುಡುಗಿ ಓಡಿಬಂದು ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು.

"ನಾನೂ ಆ ಎರಡು ಪುಟ ಬಿಟ್ಟು ಓದ್ಬೇಕಿತ್ತು ಅಲ್ವಾಕ್ಕಾ? ನಂಗೂ ಹಾಗೇ ಅನ್ನಿಸ್ತು. ಆದ್ರೆ ನೀವು ಬರೆದಿದ್ದು ಅಲ್ವಾ, ಒಂದಕ್ಷರಾನೂ ಬಿಡೋಕೆ ಮನಸ್ಸು ಬರ್ಲಿಲ್ಲ."

ಕಾಜಾ ಅಕ್ಕ ಕೈ ಬಿಡಿಸಿಕೊಂಡಳು. ಎಂಟು ತಿಂಗಳು ಹುಡುಗಿಯ ಬರಹದ ಮೇಲಿದ್ದ ಹೊಟ್ಟೆಕಿಚ್ಚು ಈಗ ಪೂರ್ತಿ ಅವಳ ಒಳ್ಳೆಯ ಮನಸ್ಸಿನ ಮೇಲೆ ತಿರುಗಿತ್ತು, ಮತ್ತು ಅಂಥ ಮನಸ್ಸನ್ನು ಕಲಿಸಿಕೊಡುವ ಮೇಡಂ ಎಲ್ಲೂ ಇರಲಿಲ್ಲ.