ವರ್ತೂರಿನ ಗ್ರೀಕ್ ಕಂಬ

ಗ್ರೀಸಿನಿಂದ ನಿದ್ದೆಗೆಟ್ಟು ಬಂದು ವರ್ತೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಪಕ್ಕದ ಅಪಾರ್ಟ್‌ಮೆಂಟಿನ ಗೇಟಿಗೂ ಗ್ರೀಕ್ ದೇಗುಲದ ಕಂಬಗಳೇ. ಗ್ರೀಸಿನಲ್ಲಿ ನಾನು ನೋಡಿದ ದೇಗುಲದಲ್ಲಿ ಬೀಸುವ ಕಲ್ಲಿನಂಥ ದುಂಡು ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದರು. ಮುಟ್ಟಹೋದರೆ ಕಾವಲುಗಾರ ಸೀಟಿ ಊದಿದ್ದ. ಈಗ ಟ್ರಾಫಿಕ್ಕಿನಲ್ಲಿ ಕೂತು ಕೂತು ಕಾಲು ಜೋಮು ಹಿಡಿದಿತ್ತು. ಕಾರಿನಿಂದಿಳಿದು ಇಲ್ಲಿನ ಕಂಬ ತಟ್ಟಿದೆ. ಖಾಲಿ ಡಬ್ಬದ ಸದ್ದು.

ಅದರ ಬುಡಕ್ಕೆ ಊರಿನ ಅಜ್ಜಿಯೊಬ್ಬರು ಅರಿಶಿನ ಕುಂಕುಮ ಹಚ್ಚುತ್ತಿದ್ದರು.

"ಪೊಳ್ಳು ಕಂಬಕ್ಕೆ ಪೂಜೆ ಯಾಕಜ್ಜಿ?" ಎಂದೆ.

"ಕಂಬಕ್ಕಲ್ಲ ಕಣಪ್ಪ. ಗೇಟ್ ಕಟ್ಟೋವಾಗ ನಮ್ ಮುನೇಶ್ವರನ ಕಲ್ಲನ್ನ ಅಡೀಗ್ ಹಾಕ್ಬುಟ್ರು. ಅಮಾಸೆ ಅಮಾಸೆಗೂ ಬತ್ತೀನಿ."

ಆ ಗ್ರೀಕ್ ದೇಗುಲದಡಿಯಲ್ಲೂ ಹಳೆಯ ಗುಡಿಯೊಂದಿದೆ ಎಂದು ಗೈಡ್ ಹೇಳಿದ್ದ. ಅದು ಯಾರದೆಂದು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಇಲ್ಲಿಯ ಸೆಕ್ಯೂರಿಟಿಯೂ ಸೀಟಿ ಊದಿದ. ಅಜ್ಜಿ ತಿರುಗಿಯೂ ನೋಡಲಿಲ್ಲ.

"ಮೊದ್ಲು ನೀನು ಬೂಟ್ ಬಿಡಪ್ಪ," ಅಂದರು ನನಗೆ.