ಗೆಡ್ಡೆ ಮತ್ತು ಬಿಳಿ ಬ್ರೆಡ್ಡು

ದಾಂಡೇಲಿಯ ಕಾಲೇಜೊಂದರಲ್ಲಿ ನಾನು ಗೃಹವಿಜ್ಞಾನ ಕಲಿಸುತ್ತೇನೆ. ಆಹಾರದ ಪಾಠ ಬಂದಾಗ ಹಲಗೆಯ ನಡುವೆ ಗೆರೆ ಎಳೆದು ಒಂದು ಕಡೆ ಜೋಯಿಡಾದ ಗೆಡ್ಡೆ, ಇನ್ನೊಂದು ಕಡೆ ಬೇಕರಿಯ ಬಿಳಿ ಬ್ರೆಡ್ಡು ಎಂದು ಬರೆಯುತ್ತಿದ್ದೆ. ನಾರು, ಸಿ ಜೀವಸತ್ವ, ಪೊಟ್ಯಾಸಿಯಂ ಎಲ್ಲದರಲ್ಲೂ ಗೆಡ್ಡೆಯೇ ಮುಂದೆ. ಪ್ರೋಟೀನಿನಲ್ಲಿ ಮಾತ್ರ ಬ್ರೆಡ್ಡು ಮುಂದೆ. ಅದನ್ನು ಬೇಗ ಹೇಳಿ ಮುಗಿಸುತ್ತಿದ್ದೆ. ಬೆಳಿಗ್ಗೆ ಚಹಾದಲ್ಲಿ ಬ್ರೆಡ್ಡು ಅದ್ದಿ ತಿಂದು ಬಂದ ಹುಡುಗಿಯರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು.

ಎರಡು ವರ್ಷದ ಹಿಂದೆ ನನ್ನ ಗಂಡನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ವಾರಕ್ಕೆರಡು ಸಲ ಹಳಿಯಾಳಕ್ಕೆ ಹೋಗಿ ಡಯಾಲಿಸಿಸ್. ಅವರನ್ನು ಬಸ್ಸು ಹತ್ತಿಸಿ ಇಳಿಸಿ ನನ್ನ ಭುಜ ಸೋತಿದೆ. ಆಸ್ಪತ್ರೆಯಲ್ಲಿ ಪಥ್ಯದ ಹಾಳೆ ಕೈಗೆ ಬಂದ ದಿನ ಅದನ್ನು ಓದಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ. ಗೆಡ್ಡೆಗೆಣಸು ಬೇಡ. ಬಿಳಿ ಬ್ರೆಡ್ಡು ಮಿತವಾಗಿ ಆಗಬಹುದು. ಇಷ್ಟು ವರ್ಷ ನಾನು ಹೊಗಳಿದ್ದನ್ನೆಲ್ಲ ಆ ಹಾಳೆ ಬೇಡವೆನ್ನುತ್ತಿತ್ತು.

ಕಳೆದ ಚಳಿಗಾಲದಲ್ಲಿ ನಾದಿನಿ ಜೋಯಿಡಾದಿಂದ ಬಂದಳು. ಹಿತ್ತಲಲ್ಲಿ ಅಗೆದ ಗೆಡ್ಡೆಗಳನ್ನು ಚೀಲದ ತುಂಬ ತುಂಬಿಕೊಂಡು ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಗಂಡ ಒಂದನ್ನು ಎತ್ತಿ ಮಣ್ಣಿನ ಸಮೇತ ಮೂಸಿದರು. ನಾನು ಚೀಲವನ್ನು ಒಳಗೆ ಎಳೆದೆ.

"ಇದನ್ನ ಅವರು ತಿನ್ನಂಗಿಲ್ಲವ್ವಾ."

"ಯಾಕ್ರಿ ವೈನಿ? ಇದನ್ನ ತಿಂದು ಅಣ್ಣ ದೊಡ್ಡಾಂವ ಆಗ್ಯಾನಲ್ಲ. ನಮ್ಮ ಹಿತ್ತಲದ್ದು ಈಗ ವಿಷ ಆತೇನು?"

"ವಿಷ ಅಲ್ಲ. ಇದರಾಗಿನ ಸತ್ವ ಅವರ ಮೈಯಿಂದ ಹೊರಗ ಹೋಗಂಗಿಲ್ಲ."

"ಮತ್ತ ಆ ಬ್ರೆಡ್ಡು?"

"ಅದರಾಗ ಅದು ಕಡಿಮಿ ಐತಿ. ಅದಕ್ಕ ನಡೀತೈತಿ."

ಅವಳು ನಂಬಲಿಲ್ಲ. ಇನ್ನೊಮ್ಮೆ ವಿವರಿಸುವ ತ್ರಾಣ ನನಗಿರಲಿಲ್ಲ. ಗಂಡ ಕೈಗಂಟಿದ ಮಣ್ಣನ್ನು ತೊಳೆಯಲು ಎದ್ದುಹೋದರು. ಅವರು ಜಗಳವಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮುಂದಿನ ಸಲ ಹಳಿಯಾಳದಲ್ಲಿ ನರ್ಸ್‌ ಬಳಿ ಗೆಡ್ಡೆ ಸ್ವಲ್ಪವಾದರೂ ಕೊಡಬಹುದೇ ಎಂದು ಕೇಳಿದೆ. "ಸಣ್ಣಗ ಹೆಚ್ಚಿ ಭಾಳ ನೀರಾಗ ಕುದಿಸ್ರಿ, ನೀರು ಚೆಲ್ಲಿ ಮತ್ತೊಮ್ಮೆ ಕುದಿಸ್ರಿ. ಎರಡು ತುಂಡು ಅಷ್ಟ, ಅದೂ ಡಾಕ್ಟರ್ ಹೂಂ ಅಂದ್ರ," ಎಂದರು. ಡಾಕ್ಟರು ಆ ವಾರದ ರಕ್ತಪರೀಕ್ಷೆ ನೋಡಿ ಒಪ್ಪಿದರು.

ಬೇಯಿಸಿದ ನೀರನ್ನು ಎಂದೂ ಚೆಲ್ಲಬೇಡಿ ಎಂದು ಕ್ಲಾಸಿನಲ್ಲಿ ಹೇಳುವವಳು ನಾನು. ಅವತ್ತು ಎರಡು ಸಲ ಬಸಿದು ಚೆಲ್ಲಿದೆ. ನಾದಿನಿ ಪಕ್ಕದಲ್ಲೇ ನಿಂತಿದ್ದಳು.

"ಸತ್ವ ಎಲ್ಲಾ ಮೋರಿಗೆ ಹೋತಲ್ರಿ ವೈನಿ!"

"ಹೋಗ್ಲಿ ಅಂತನ ಚೆಲ್ಲಾಕತ್ತೇನಿ."

ಗಂಡ ಒಂದು ತುಂಡನ್ನು ಬಹಳ ಹೊತ್ತು ಅಗಿದರು. "ರುಚಿ ಏನೂ ಉಳಿದಿಲ್ಲ," ಎಂದರು. ಎರಡನೆಯದನ್ನೂ ತಿಂದು ತಟ್ಟೆ ಮುಂದೆ ಹಿಡಿದರು. "ಇನ್ನೊಂದು ಕೊಡು."

"ಇಲ್ರೀ. ಎರಡ ಅಂದಾರ."

 ನಾದಿನಿ ಆ ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡು ತೊಳೆಯಲು ಹೋದಳು. ಸಂಜೆ ಉಳಿದ ಗೆಡ್ಡೆಗಳನ್ನು ತಾನೇ ಅಕ್ಕಪಕ್ಕದ ಮನೆಗಳಿಗೆ ಹಂಚಿ ಬಂದು ನನ್ನ ಹತ್ತಿರ ಕೂತಳು.

"ಇನ್ನೊಂದು ನಾಕು ದಿನ ಇರ್ತೇನ್ರಿ. ಗುರುವಾರ ಅಣ್ಣನ್ನ ನಾನು ಕರಕೊಂಡು ಹೋಗ್ತೇನಿ. ನೀವು ಮಲಕೋರಿ."

ನಾನು ಹೂಂ ಅಂದೆ. ಗುರುವಾರ ಅಣ್ಣ ತಂಗಿ ಬಸ್ಸಿಗೆ ಹೋದ ಮೇಲೆ ಕಾಲೇಜಿಗೆ ರಜೆ ಹೇಳಿ, ಸೀರೆಯನ್ನೂ ಬದಲಿಸದೆ ಮಲಗಿದೆ. ಅವರು ಬಂದು ಬಾಗಿಲು ಬಡಿದಾಗಲೇ ಎಚ್ಚರ.